ಡಿಫರೆನ್ಷಿಯಲ್ ಬಿಚ್ಚುವ ಮುನ್ನ: ಸರಿಯಾದ ಉಪಕರಣಗಳನ್ನು ಆರಿಸುವ ಬಗೆ

ಭರತ ಹುಣ್ಣಿಮೆಯ ಸುಮಾರಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ ನೆರೆಯುತ್ತದೆ. ಆ ದಿನಗಳಲ್ಲಿ ಊರ ಹೊರಗಿನ ದಾರಿಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವ ವಿದ್ಯಾರ್ಥಿಗೆ ಒಂದು ಒಳ್ಳೆಯ ಪಾಠ ದೊರೆಯುವುದು. ಎತ್ತಿನ ಬಂಡಿಯೂ ತಿರುಗುತ್ತದೆ, ಟ್ರ್ಯಾಕ್ಟರೂ ತಿರುಗುತ್ತದೆ, ಜೀಪೂ ತಿರುಗುತ್ತದೆ. ಮೂರೂ ಒಂದೇ ಕೆಲಸವನ್ನು ಮಾಡಿದಂತೆ ಕಣ್ಣಿಗೆ ತೋರುತ್ತದೆ. ಆದರೆ ಬಂಡಿಯು ಯಾವ ತೊಡಕೂ ಇಲ್ಲದೆ ಸಾಧಿಸುವ ಈ ತಿರುವಿಗಾಗಿ ಮೋಟಾರು ವಾಹನವು ತನ್ನ ಹಿಂದಿನ ಅಚ್ಚಿನ ನಡುವೆ ಹಲ್ಲುಚಕ್ರಗಳ ಒಂದು ಪೆಟ್ಟಿಗೆಯನ್ನೇ ಹೊತ್ತು ಓಡಾಡಬೇಕಾಗಿದೆ. ಆ ಪೆಟ್ಟಿಗೆಯಲ್ಲಿರುವುದೇ ಡಿಫರೆನ್ಷಿಯಲ್.

೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ಜೀಪುಗಳನ್ನೂ ಸರಕಿನ ಗಾಡಿಗಳನ್ನೂ ಇಟ್ಟುಕೊಂಡವರು ಉಂಟು. ಬಿತ್ತನೆಯ ಕಾಲದಲ್ಲಿ ವಾಹನ ನಿಂತರೆ ಬೀಜ ಗೊಬ್ಬರಗಳ ಸಾಗಾಟವೂ ನಿಲ್ಲುತ್ತದೆ. ಆಗ ಮನೆಯ ಅಂಗಳದಲ್ಲಿಯೇ ಡಿಫರೆನ್ಷಿಯಲ್ಲನ್ನು ಬಿಚ್ಚಿ ಸರಿಪಡಿಸಬಾರದೇಕೆ ಎಂಬ ಆಲೋಚನೆ ಬರುವುದು ಸಹಜ. ಸರಿಪಡಿಸಬಹುದು. ಆದರೆ ಅದಕ್ಕೆ ಎಂತಹ ಉಪಕರಣಗಳು ಬೇಕೆಂಬುದನ್ನು ತಿಳಿಯಬೇಕಾದರೆ, ಆ ಪೆಟ್ಟಿಗೆಯು ಮಾಡುವ ಕೆಲಸವನ್ನು ಮೊದಲು ತಿಳಿಯತಕ್ಕದ್ದು.

ಬಂಡಿಗೆ ಇಲ್ಲದ ತೊಡಕು

ಬಂಡಿಯ ಅಚ್ಚು ತಿರುಗುವುದಿಲ್ಲ. ಗಾಲಿಗಳು ಮಾತ್ರ ಅದರ ಎರಡು ತುದಿಗಳಲ್ಲಿ ತಮ್ಮ ತಮ್ಮ ಪಾಡಿಗೆ ತಿರುಗುತ್ತವೆ. ಗಾಲಿ ಕಳಚಿಹೋಗದಂತೆ ತಡೆಯಲು ಕಡೆಗೀಲು, ಸವೆಯದಂತೆ ಕಾಪಾಡಲು ಕೀಲೆಣ್ಣೆ ಇವಿಷ್ಟಿದ್ದರೆ ಸಾಕು. ಬಲಕ್ಕೆ ಹೊರಳುವಾಗ ಎಡದ ಗಾಲಿ ಹೆಚ್ಚು ದೂರ ಓಡಬೇಕು, ಓಡುತ್ತದೆ. ಬಲದ್ದು ಕಡಿಮೆ ಓಡಬೇಕು; ಹಾಗೆಯೇ ಮಾಡುತ್ತದೆ. ಎಳೆಯುವುದು ಎತ್ತು, ಗಾಲಿಯಲ್ಲ. ಆದುದರಿಂದ ಗಾಲಿಗಳಿಗೆ ಈ ಸ್ವಾತಂತ್ರ್ಯ.

ಮೋಟಾರು ವಾಹನದಲ್ಲಿ ಹಾಗಲ್ಲ. ಇಲ್ಲಿ ಗಾಲಿಯನ್ನು ತಿರುಗಿಸುವುದೇ ಅಚ್ಚು. ಎರಡು ಗಾಲಿಗಳನ್ನೂ ಒಂದೇ ಅಚ್ಚಿಗೆ ಬಿಗಿದರೆ ಅವು ಸಮನಾಗಿ ತಿರುಗಲೇಬೇಕು. ತಿರುವಿನಲ್ಲಿ ಎಷ್ಟು ವ್ಯತ್ಯಾಸ ಬೇಕಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಹಳೆಯ ಜೀಪಿನ ಎರಡು ಹಿಂಗಾಲಿಗಳ ನಡುವಿನ ಅಂತರ ಸುಮಾರು ೧.೨೨ ಮೀಟರು. ವಾಹನವು ಒಂದು ಲಂಬಕೋನದಷ್ಟು ತಿರುಗಿದಾಗ ಹೊರಗಾಲಿಯು ಒಳಗಾಲಿಗಿಂತ ಹೆಚ್ಚಾಗಿ ಓಡುವ ದೂರವು ಈ ಅಂತರವನ್ನು ೧.೫೭ರಿಂದ ಗುಣಿಸಿದಷ್ಟು, ಎಂದರೆ ಸುಮಾರು ೧.೯೨ ಮೀಟರು. ತಿರುವು ದೊಡ್ಡದಿರಲಿ ಸಣ್ಣದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ ಎಂಬುದು ಗಮನಾರ್ಹ. ಗಾಲಿಯ ಸುತ್ತಳತೆ ಸುಮಾರು ೨.೨ ಮೀಟರು. ಆದ್ದರಿಂದ ಹೊರಗಾಲಿ ಹೆಚ್ಚುಕಡಿಮೆ ಮುಕ್ಕಾಲು ಸುತ್ತಿಗಿಂತಲೂ ಅಧಿಕವಾಗಿ ಮುಂದೆ ಹೋಗಬೇಕು. ಹೋಗಲು ಬಿಡದಿದ್ದರೆ ಟಯರು ನೆಲವನ್ನು ಉಜ್ಜುತ್ತದೆ, ಅಚ್ಚು ತಿರುಚಿಕೊಳ್ಳುತ್ತದೆ, ವಾಹನವು ತಿರುಗಲು ಒಲ್ಲೆನೆನ್ನುತ್ತದೆ.

ಈ ತೊಡಕನ್ನು ಬಿಡಿಸುವ ಹಲ್ಲುಚಕ್ರಗಳ ಏರ್ಪಾಡಿಗೆ ಫ್ರಾನ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಯೂರ್ ಎಂಬಾತನು ೧೮೨೭ರಲ್ಲಿ, ಉಗಿಯಿಂದ ಓಡುವ ಬಂಡಿಗಾಗಿ, ಹಕ್ಕುಪತ್ರವನ್ನು ಕೋರಿದನು. ೧೮೭೭ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿಯು ಇದೇ ತತ್ತ್ವವನ್ನು ಮೂರು ಗಾಲಿಯ ಸೈಕಲ್ಲಿಗೆ ಅಳವಡಿಸಿದನು. ಪೆಟ್ರೋಲಿನ ವಾಹನಗಳು ಬರುವ ವೇಳೆಗೆ ಉತ್ತರವು ಸಿದ್ಧವಾಗಿಯೇ ಇತ್ತು. ಮೂಲದಲ್ಲಿ ಇದು ಗಡಿಯಾರ ಮಾಡುವವನ ಕೈಕೆಲಸ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಈ ಮಾತು ಉಪಯೋಗಕ್ಕೆ ಬರುವುದು.

ಪೆಟ್ಟಿಗೆಯೊಳಗಿನ ವ್ಯವಸ್ಥೆ

ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಹಳೆಯ ಜೀಪಿನ ಹಿಂದಿನ ಅಚ್ಚಿನಲ್ಲಿ ಪಿನಿಯನ್ನಿಗೆ ೮ ಹಲ್ಲು, ಕ್ರೌನಿಗೆ ೪೩ ಹಲ್ಲು. ಎಂದರೆ ದಂಡವು ೫.೩೭೫ ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು ತಿರುಗುವುದು. ಕ್ರೌನಿಗೆ ಒಂದು ಗೂಡನ್ನು ಬಿಗಿದಿದ್ದಾರೆ. ಗೂಡಿನೊಳಗೆ ಸ್ಟಾರ್ ಗೇರುಗಳೆಂದು ಕರೆಯುವ ಸಣ್ಣ ಹಲ್ಲುಚಕ್ರಗಳೂ, ಅವುಗಳಿಗೆ ಎಡಬಲಗಳಲ್ಲಿ ಕೂಡಿಕೊಂಡ ಎರಡು ಪಕ್ಕದ ಹಲ್ಲುಚಕ್ರಗಳೂ ಇವೆ. ಪಕ್ಕದ ಒಂದೊಂದು ಹಲ್ಲುಚಕ್ರವೂ ಒಂದೊಂದು ಗಾಲಿಯ ಅಚ್ಚನ್ನು ಹಿಡಿದಿರುವುದು.

ನೇರ ದಾರಿಯಲ್ಲಿ ಸ್ಟಾರ್ ಗೇರುಗಳು ತಮ್ಮ ಕೀಲಿನ ಮೇಲೆ ತಿರುಗುವುದೇ ಇಲ್ಲ. ಗೂಡಿನೊಡನೆ ಸುತ್ತುತ್ತ ಎರಡು ಗಾಲಿಗಳನ್ನೂ ಸಮನಾಗಿ ಒಯ್ಯುತ್ತವೆ. ತಿರುವಿನಲ್ಲಿ ಅವು ಉರುಳಿ, ಒಂದು ಗಾಲಿಯಿಂದ ಕಳೆದುದನ್ನು ಇನ್ನೊಂದಕ್ಕೆ ಕೂಡಿಸುತ್ತವೆ. ಎರಡು ಗಾಲಿಗಳ ಸುತ್ತುಗಳ ಮೊತ್ತವು ಯಾವಾಗಲೂ ಗೂಡಿನ ಸುತ್ತಿನ ಎರಡರಷ್ಟಾಗಿರುವುದು. ಸಾಮಾನ್ಯ ಡಿಫರೆನ್ಷಿಯಲ್ಲಿಗೆ ಒಂದು ದೌರ್ಬಲ್ಯವೂ ಉಂಟು. ಅದು ಎರಡು ಗಾಲಿಗಳಿಗೂ ಸಮಾನವಾದ ತಿರುಗಿಸುವ ಬಲವನ್ನೇ ಹಂಚುತ್ತದೆ. ತುಂಗಭದ್ರೆಯ ದಂಡೆಯ ಎರೆಭೂಮಿಯಲ್ಲಿ ಮಳೆಗಾಲದಂದು ಒಂದು ಗಾಲಿ ಕೆಸರಿನಲ್ಲಿ ಜಾರತೊಡಗಿದರೆ, ಗಟ್ಟಿನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುವುದು. ಟ್ರ್ಯಾಕ್ಟರಿನಲ್ಲಿ ಎರಡು ಅಚ್ಚುಗಳನ್ನೂ ಒಂದಾಗಿ ಕಟ್ಟುವ ಡಿಫರೆನ್ಷಿಯಲ್ ಲಾಕ್ ಇರುವುದು ಈ ಕಾರಣದಿಂದಲೇ. ತಿರುಗುವಾಗ ಅದನ್ನು ಒತ್ತಬಾರದೇಕೆಂಬುದು ಈಗ ತಿಳಿಯಿತಷ್ಟೆ?

ನಾವು ಮಾಡಿದ ಒಂದು ತಪ್ಪು

ಹಲವು ವರ್ಷಗಳ ಹಿಂದೆ ಕೂಡ್ಲಿಗಿ–ಕೊಟ್ಟೂರು ದಾರಿಯ ಬದಿಯ ಒಂದು ಹಳ್ಳಿಯಲ್ಲಿ, ಬಂಧುಗಳೊಬ್ಬರ ಹಳೆಯ ಜೀಪಿನ ಹಿಂದಿನ ಅಚ್ಚನ್ನು ನಾವೇ ಬಿಚ್ಚಿದೆವು. ಬೇರಿಂಗುಗಳು ಸವೆದು ಸದ್ದು ಮಾಡುತ್ತಿದ್ದವು. ನಮ್ಮಲ್ಲಿ ಪಾನಾಗಳಿದ್ದವು, ಸುತ್ತಿಗೆಯಿತ್ತು, ಉಳಿಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಉತ್ಸಾಹವಿತ್ತು. ಬೇರಿಂಗುಗಳ ಪಕ್ಕದಲ್ಲಿದ್ದ ತೆಳುವಾದ ಉಕ್ಕಿನ ಬಿಲ್ಲೆಗಳನ್ನು, ಎಂದರೆ ಶಿಮ್ಮುಗಳನ್ನು, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದೆವು. ಹೊಸ ಬೇರಿಂಗುಗಳನ್ನು ಕೂರಿಸಿ, ಕೈಯಿಂದ ಅಲುಗಾಡಿಸಿ ನೋಡಿ, ‘ಸರಿಯಾಗಿದೆ’ ಎಂದೆವು. ಜೀಪು ಕೊಟ್ಟೂರು ಸೇರುವಷ್ಟರಲ್ಲಿ ಊಳಿಡತೊಡಗಿತು. ಹಿಂದಿರುಗುವಾಗ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಲಾಗಲಿಲ್ಲ. ಬಿಚ್ಚಿದಾಗ ಹಲ್ಲುಗಳು ನೀಲಿಗಟ್ಟಿದ್ದವು. ಕೊನೆಗೆ ಕ್ರೌನ್ ಪಿನಿಯನ್ ಜೋಡಿಯನ್ನೇ ಹೊಸದಾಗಿ ಕೊಳ್ಳಬೇಕಾಯಿತು.

ಕೆಲಸ ಕೆಟ್ಟದ್ದು ಬಲ ಸಾಲದೆ ಅಲ್ಲ, ಅಳತೆಯಿಲ್ಲದೆ. ಇನ್ನೂ ಬಿಗಿಯಾಗಿದ್ದು ಓಡುತ್ತಿದ್ದಾಗಲೇ ಬೇರಿಂಗು ಹಿಡಿದುಕೊಂಡಿದ್ದರೆ, ಎರಡು ಹಿಂಗಾಲಿಗಳೂ ಒಮ್ಮೆಲೇ ನಿಂತು ಜೀಪು ಮಗುಚುವ ಸಂಭವವೂ ಇತ್ತು. ಡಿಫರೆನ್ಷಿಯಲ್ಲಿಗೆ ಸರಿಯಾದ ಉಪಕರಣ ಯಾವುದೆಂಬ ಪ್ರಶ್ನೆಗೆ ನಮ್ಮ ಉತ್ತರವು ಆ ದಿನದಿಂದ ಒಂದೇ: ಬಿಚ್ಚುವ ಉಪಕರಣಕ್ಕಿಂತ ಮೊದಲು ಅಳೆಯುವ ಉಪಕರಣವನ್ನು ಹುಡುಕಬೇಕು.

ಬಿಚ್ಚುವ ಮತ್ತು ಕೂರಿಸುವ ಉಪಕರಣಗಳು

ಜಾಕು, ವಾಹನದ ಭಾರವನ್ನು ಹೊರಬಲ್ಲ ಭದ್ರವಾದ ಸ್ಟ್ಯಾಂಡುಗಳು, ರಿಂಗ್ ಮತ್ತು ಸಾಕೆಟ್ ಪಾನಾಗಳು, ಹಿತ್ತಾಳೆಯ ಸುತ್ತಿಗೆ, ಗುರುತು ಹಾಕುವ ಪಂಚು, ಎಣ್ಣೆ ಹಿಡಿಯುವ ತಟ್ಟೆ ಇವು ಮೊದಲ ಸಾಲಿನವು. ಜಾಕನ್ನು ನಂಬಿ ವಾಹನದ ಕೆಳಗೆ ಹೋಗಕೂಡದು. ಕಲ್ಲು ಇಟ್ಟಿಗೆಗಳ ಆಧಾರವು ಸೀಳಿಹೋಗಬಹುದು. ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಮರದ ತಡೆ ಕೊಡತಕ್ಕದ್ದು.

ಪಂಚಿನ ಕೆಲಸ ಸಣ್ಣದಾಗಿ ಕಂಡರೂ ಬಹಳ ಮುಖ್ಯ. ಗೂಡಿನ ಎರಡು ಪಕ್ಕದ ಬೇರಿಂಗುಗಳನ್ನು ಹಿಡಿದಿರುವ ಮುಚ್ಚಳಗಳನ್ನು ಕಾರ್ಖಾನೆಯಲ್ಲಿ ಪೆಟ್ಟಿಗೆಯೊಡನೆಯೇ ಕೂಡಿಸಿ ಕೊರೆದಿರುತ್ತಾರೆ. ಎಡದ್ದು ಬಲಕ್ಕೆ ಸೇರದು. ಆದ್ದರಿಂದ ಬಿಚ್ಚುವ ಮೊದಲೇ ಎಡಕ್ಕೆ ಒಂದು, ಬಲಕ್ಕೆ ಎರಡು ಚುಕ್ಕೆಗಳನ್ನು ಮುಚ್ಚಳದ ಮೇಲೂ ಪೆಟ್ಟಿಗೆಯ ಮೇಲೂ ಹಾಕಬೇಕು. ಕ್ರೌನ್ ಮತ್ತು ಪಿನಿಯನ್ನುಗಳೂ ಹುಟ್ಟುಜೋಡಿಗಳು. ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಒಂದನ್ನು ಮಾತ್ರ ಬದಲಿಸುವುದು ಸಲ್ಲದು.

ಬಿಗಿಯಾಗಿ ಕುಳಿತ ಬೇರಿಂಗನ್ನು ಕೀಳಲು ಪುಲ್ಲರ್ ಬೇಕು. ಉಳಿಯಿಂದ ಹೊಡೆದು ಕಿತ್ತರೆ ಅದು ಕೂರುವ ಜಾಗಕ್ಕೆ ಗಾಯವಾಗುವುದು. ಕೂರಿಸಲು ಪ್ರೆಸ್ ಉತ್ತಮ. ಅದಿಲ್ಲದಿದ್ದರೆ ನಮ್ಮ ಕಮ್ಮಾರರ ಹಳೆಯ ವಿದ್ಯೆಯನ್ನು ನೆನೆಯಬಹುದು. ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಹೇಗೆ ಹಾಕುತ್ತಾರೆ? ಕಾಯಿಸಿ ಹಿಗ್ಗಿಸಿ ತೊಡಿಸುತ್ತಾರೆ. ನೀರೆರೆದು ತಣಿಸಿದಾಗ ಅದು ಕುಗ್ಗಿ ಬಿಗಿಯುತ್ತದೆ. ೪೫ ಮಿ.ಮೀ. ಒಳವ್ಯಾಸದ ಬೇರಿಂಗನ್ನು ೩೦ ಡಿಗ್ರಿ ಸೆಲ್ಸಿಯಸ್ಸಿನಿಂದ ೧೧೦ ಡಿಗ್ರಿಗೆ ಕಾಯಿಸಿದರೆ ಅದರ ವ್ಯಾಸವು ಸುಮಾರು ೦.೦೪ ಮಿ.ಮೀ. ಹಿಗ್ಗುವುದು. ಸಾಮಾನ್ಯವಾಗಿ ಇಷ್ಟರಿಂದಲೇ ಅದು ಹೊಡೆತವಿಲ್ಲದೆ ಇಳಿಯುತ್ತದೆ. ಆದರೆ ಗಾಲಿಯ ಪಟ್ಟಿಯಂತೆ ಬೇರಿಂಗನ್ನು ಕೆಂಪಗೆ ಕಾಯಿಸಿದರೆ ಉಕ್ಕಿನ ಗಡಸುತನವೇ ಹೋಗಿಬಿಡುವುದು. ಎಣ್ಣೆಯ ಪಾತ್ರೆಯಲ್ಲಿ, ತಳಕ್ಕೆ ತಾಗದಂತೆ ತೂಗಬಿಟ್ಟು, ಉಷ್ಣಮಾಪಕವನ್ನು ನೋಡುತ್ತ, ೧೨೦ ಡಿಗ್ರಿ ಮೀರದಂತೆ ಕಾಯಿಸತಕ್ಕದ್ದು. ಇದನ್ನು ಬಯಲಿನಲ್ಲಿ, ಹಿರಿಯರೊಬ್ಬರ ಎದುರಿನಲ್ಲಿ ಮಾಡಬೇಕು. ನೀರಿನ ಹನಿ ಎಣ್ಣೆಗೆ ಬೀಳಕೂಡದು.

ಅಳೆಯುವ ಉಪಕರಣಗಳು

ಅಳೆಯಬೇಕಾದುವು ನಾಲ್ಕು.

ಮೊದಲನೆಯದು ಶಿಮ್ಮುಗಳ ದಪ್ಪ. ಇದಕ್ಕೆ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪವನ್ನು ಅಳೆಯುವ ಸ್ಕ್ರೂಗೇಜೇ ಸಾಕು. ಅದು ೦.೦೧ ಮಿ.ಮೀ. ವರೆಗೆ ತೋರಿಸುತ್ತದೆ. ಒಂದೊಂದು ಕಡೆಯ ಶಿಮ್ಮುಗಳನ್ನು ಬೇರೆ ಬೇರೆ ದಾರದಲ್ಲಿ ಪೋಣಿಸಿ, ಚೀಟಿ ಕಟ್ಟಿ, ಅಳತೆಯನ್ನು ಬರೆದಿಡಬೇಕು. ನಮ್ಮ ಡಬ್ಬಿಯ ಕಥೆ ಮರುಕಳಿಸಬಾರದು.

ಎರಡನೆಯದು ಹಲ್ಲುಗಳ ನಡುವಿನ ಸಡಿಲ. ಮೆಕ್ಯಾನಿಕ್ಕುಗಳು ಇದನ್ನು ‘ಪ್ಲೇ’ ಎನ್ನುವರು. ಹಲ್ಲುಗಳು ಬಿಸಿಯಾಗಿ ಹಿಗ್ಗಲೂ, ನಡುವೆ ಎಣ್ಣೆಯ ಪೊರೆ ನಿಲ್ಲಲೂ ಸ್ವಲ್ಪ ಎಡೆ ಬೇಕು. ಹೆಚ್ಚಾದರೆ ಹಲ್ಲುಗಳು ಬಡಿದುಕೊಳ್ಳುವುವು. ಜೀಪು ಕಾರುಗಳಲ್ಲಿ ಈ ಎಡೆ ಸಾಮಾನ್ಯವಾಗಿ ೦.೧೦ರಿಂದ ೦.೨೫ ಮಿ.ಮೀ. ಒಳಗಿರುತ್ತದೆ; ನಿಮ್ಮ ವಾಹನದ ನಿಜವಾದ ಅಂಕಿಯನ್ನು ಅದರ ಕೈಪಿಡಿಯಿಂದಲೇ ತಿಳಿಯಬೇಕು. ಎರಡು ಮೂರು ತಲೆಗೂದಲುಗಳ ದಪ್ಪದಷ್ಟಿರುವ ಈ ಎಡೆಯನ್ನು ಬೆರಳು ತಿಳಿಯಲಾರದು. ಇಲ್ಲಿ ಡಯಲ್ ಗೇಜ್ ಅನಿವಾರ್ಯ. ಅದರ ಮೊನೆಯು ೧ ಮಿ.ಮೀ. ಸರಿದರೆ ಮುಳ್ಳು ಪೂರ್ತಿ ಒಂದು ಸುತ್ತು ಹಾಕುವುದು. ಮುಳ್ಳಿನ ಉದ್ದ ೨೦ ಮಿ.ಮೀ. ಇದ್ದರೆ ಅದರ ತುದಿ ೧೨೫ ಮಿ.ಮೀ.ಗೂ ಹೆಚ್ಚು ದೂರ ಓಡುವುದು. ಎಂದರೆ ಚಲನೆಯು ೧೨೫ ಪಟ್ಟು ದೊಡ್ಡದಾಗಿ ಕಾಣುತ್ತದೆ. ಈ ಉಪಕರಣದ ಹೊಟ್ಟೆಯಲ್ಲಿರುವುದೂ ಹಲ್ಲುಚಕ್ರಗಳೇ. ಗಡಿಯಾರ ಕುಶಲಿಯು ಕಲ್ಪಿಸಿದ ಯಂತ್ರವನ್ನು ಗಡಿಯಾರದಂತಹ ಉಪಕರಣದಿಂದಲೇ ಪರೀಕ್ಷಿಸಬೇಕಾಗಿದೆ!

ಗೇಜನ್ನು ಪೆಟ್ಟಿಗೆಗೆ ಅಲುಗದಂತೆ ನಿಲ್ಲಿಸಿ, ಮೊನೆಯನ್ನು ಕ್ರೌನಿನ ಒಂದು ಹಲ್ಲಿಗೆ ನೇರವಾಗಿ ತಾಗಿಸಿ, ಪಿನಿಯನ್ನನ್ನು ಗಟ್ಟಿಯಾಗಿ ಹಿಡಿದು, ಕ್ರೌನನ್ನು ಹಿಂದೆ ಮುಂದೆ ಅಲುಗಿಸಬೇಕು. ಸುತ್ತಲೂ ನಾಲ್ಕು ಕಡೆ ಅಳೆಯಬೇಕು. ಅಳತೆಗಳಲ್ಲಿ ಬಹಳ ಅಂತರ ಕಂಡರೆ ಕ್ರೌನ್ ವಾಲಿ ಕುಳಿತಿದೆ ಎಂದರ್ಥ. ಅದರ ಕೆಳಗೆ ಸಿಕ್ಕಿದ ಒಂದು ಕಸದ ಚೂರೂ ಇದಕ್ಕೆ ಕಾರಣವಾಗಬಹುದು.

ಮೂರನೆಯದು ಪಿನಿಯನ್ ಬೇರಿಂಗುಗಳ ಮುನ್‌ಬಿಗಿ. ಹಲ್ಲುಗಳ ಒತ್ತಡಕ್ಕೆ ಪಿನಿಯನ್ ಸರಿಯದಂತೆ ಈ ಬೇರಿಂಗುಗಳನ್ನು ಮೊದಲೇ ಸ್ವಲ್ಪ ಬಿಗಿದಿಡುತ್ತಾರೆ. ಕಡಿಮೆಯಾದರೆ ಪಿನಿಯನ್ ಅಲುಗುವುದು. ಹೆಚ್ಚಾದರೆ ಬೇರಿಂಗು ಸುಡುವುದು. ಇದನ್ನು ಅಳೆಯಲು ಸೂಕ್ಷ್ಮವಾದ ಟಾರ್ಕ್ ಪಾನಾ ಇದೆ. ಇಲ್ಲದಿದ್ದರೆ ತೂಕದ ಸ್ಪ್ರಿಂಗ್ ತಕ್ಕಡಿಯೂ ನಡೆಯುತ್ತದೆ. ಕ್ರೌನನ್ನು ಜೋಡಿಸುವ ಮೊದಲು, ಪಿನಿಯನ್ನಿನ ತುದಿಯ ಬಿಲ್ಲೆಗೆ ದಾರ ಸುತ್ತಿ ತಕ್ಕಡಿಯಿಂದ ಎಳೆಯಬೇಕು. ಬಿಲ್ಲೆಯ ತ್ರಿಜ್ಯ ೫ ಸೆಂ.ಮೀ., ಸಮವೇಗದಲ್ಲಿ ತಿರುಗುವಾಗ ತಕ್ಕಡಿ ತೋರಿಸುವುದು ೪ ಕೆ.ಜಿ. ಎಂದಾದರೆ, ತಿರುಗಿಸುವ ಬಲ ೨೦ ಕೆ.ಜಿ.–ಸೆಂ.ಮೀ. ಮೊದಲ ಜಗ್ಗಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು, ತಿರುಗುತ್ತಿರುವಾಗಿನದನ್ನೇ ಓದಬೇಕು. ಸನ್ನೆಕೋಲಿನ ಪಾಠ ಓದಿದ ಹೈಸ್ಕೂಲಿನ ಹುಡುಗನಿಗೆ ಇದು ಕಷ್ಟವೇನಲ್ಲ.

ಕೆಲವು ವಾಹನಗಳಲ್ಲಿ ಶಿಮ್ಮುಗಳ ಬದಲು, ಬಿಗಿದಂತೆಲ್ಲ ಕುಸಿಯುವ ತೆಳುಗೊಳವೆಯೊಂದು ಈ ಬಿಗಿಯನ್ನು ನಿರ್ಧರಿಸುತ್ತದೆ. ಅದನ್ನು ಕುಸಿಯಿಸಲು ಒಂದು ಮೀಟರು ಉದ್ದದ ಹಿಡಿಗೆ ಮೂವತ್ತು ಕೆ.ಜಿ.ಯಷ್ಟು ಬಲ ಹಾಕಬೇಕಾಗಬಹುದು. ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಪ್ರತಿ ಸಲವೂ ಅಳೆಯಬೇಕು. ಅಳತೆ ಮೀರಿದರೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ಸುಮ್ಮನಾಗುವಂತಿಲ್ಲ. ಕುಸಿದ ಗೊಳವೆ ಮತ್ತೆ ಏಳುವುದಿಲ್ಲ. ಹೊಸ ಗೊಳವೆಯನ್ನೇ ಹಾಕತಕ್ಕದ್ದು.

ನಾಲ್ಕನೆಯದು ಹಲ್ಲುಗಳು ಒಂದನ್ನೊಂದು ಮುಟ್ಟುವ ಜಾಗ. ಇದಕ್ಕೆ ಬೇಕಾದುದು ಪ್ರಷ್ಯನ್ ಬ್ಲೂ ಎಂಬ ನೀಲಿ ಲೇಪ ಮತ್ತು ಒಂದು ಕುಂಚ. ಕ್ರೌನಿನ ಕೆಲವು ಹಲ್ಲುಗಳಿಗೆ ತೆಳ್ಳಗೆ ಹಚ್ಚಿ, ಕ್ರೌನನ್ನು ಕೈಯಿಂದ ಸ್ವಲ್ಪ ತಡೆದು, ಪಿನಿಯನ್ನನ್ನು ತಿರುಗಿಸಿದರೆ ಮುಟ್ಟಿದ ಕಡೆ ಬಣ್ಣ ಒರೆಸಿಹೋಗುವುದು. ಗುರುತು ಹಲ್ಲಿನ ಎತ್ತರದ ನಡುವೆ ಬಿದ್ದರೆ ಒಳ್ಳೆಯದು. ತುದಿಯ ಅಂಚಿನಲ್ಲಿಯೇ ಬಿದ್ದರೆ ಪಿನಿಯನ್ ದೂರದಲ್ಲಿದೆ, ಅದನ್ನು ಒಳಕ್ಕೆ ತರಬೇಕು; ಬುಡದಲ್ಲಿ ಬಿದ್ದರೆ ಹೊರಕ್ಕೆ ಸರಿಸಬೇಕು. ಗೇಜು ಒಂದೆರಡು ಬಿಂದುಗಳ ವಿಷಯವನ್ನು ಹೇಳಿದರೆ, ಬಣ್ಣವು ಇಡೀ ಹಲ್ಲಿನ ವಿಷಯವನ್ನು ಹೇಳುವುದು. ಪಿನಿಯನ್ನನ್ನು ಸರಿಸಿದ ಮೇಲೆ ಸಡಿಲವೂ ಬದಲಾಗುವುದರಿಂದ ಮತ್ತೆ ಎರಡನ್ನೂ ನೋಡಬೇಕು. ಕೆಲಸದ ಬಹುಭಾಗ ಸಮಯ ಹೋಗುವುದು ಈ ಪುನರಾವೃತ್ತಿಯಲ್ಲೇ.

ಕೊಳ್ಳುವುದೆ, ಎರವಲು ತರುವುದೆ?

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಪಾನಾ, ಪಂಚು, ಸ್ಪ್ರಿಂಗ್ ತಕ್ಕಡಿ, ನೀಲಿ ಲೇಪಗಳು ಸ್ವಂತಕ್ಕಿರಲಿ. ಡಯಲ್ ಗೇಜಿಗಾಗಿ ಮೊದಲು ಲೇತ್ ಕೆಲಸದ ಅಂಗಡಿಯನ್ನು ವಿಚಾರಿಸಬೇಕು. ದಂಡಗಳನ್ನು ಲೇತಿನ ನಡುವಿಗೆ ತರಲು ಅವರು ಬಳಸುವುದು ಇದೇ ಗೇಜನ್ನು, ಅಯಸ್ಕಾಂತದ ಸ್ಟ್ಯಾಂಡಿನ ಸಹಿತ. ಕೂಡ್ಲಿಗಿಯ ಮೂಲಕ ೫೦ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಲಾರಿಗಳು ಓಡಾಡುವಲ್ಲಿ ಲಾರಿ ರಿಪೇರಿಯವರೂ ಇರುವರು, ಅವರಲ್ಲಿ ಪುಲ್ಲರ್ ಪ್ರೆಸ್ಸುಗಳೂ ಇರುವುವು. ಬೇರಿಂಗನ್ನು ಅಲ್ಲಿಗೇ ಒಯ್ದು ಒತ್ತಿಸಿಕೊಂಡು ಬರುವುದು ಪ್ರೆಸ್ ಕೊಳ್ಳುವುದಕ್ಕಿಂತ ಜಾಣತನ. ತಾಲ್ಲೂಕು ಕೇಂದ್ರದಲ್ಲಿ ಸಿಗದ ಬಿಡಿಭಾಗಕ್ಕೆ ಹರಪನಹಳ್ಳಿಯ ಕಡೆಯವರಿಗೆ ದಾವಣಗೆರೆ, ಉಳಿದವರಿಗೆ ಹೊಸಪೇಟೆ ಅನುಕೂಲ. ಕೈಪಿಡಿ ದೊರೆಯುವವರೆಗೆ ಒಂದು ಬೋಲ್ಟನ್ನೂ ಸಡಿಲಿಸದಿರುವುದು ಲೇಸು.

ಯಾವುದನ್ನು ಮನೆಯಲ್ಲಿ ಮಾಡಬಾರದೆಂಬುದನ್ನೂ ಹೇಳಬೇಕು. ಟ್ರ್ಯಾಕ್ಟರಿನ ಡಿಫರೆನ್ಷಿಯಲ್ ಭಾರವಾದ ಹಿಂದಿನ ಒಡಲಿನೊಳಗೆ ಅಡಗಿದೆ. ಅದನ್ನು ತಲುಪಲು ಗಾಲಿ, ಅಚ್ಚುಗಳ ಭಾರವಾದ ಭಾಗಗಳನ್ನು ಕಳಚಬೇಕು. ಎತ್ತುವ ಸಾಧನವಿಲ್ಲದ ಅಂಗಳ ಅದಕ್ಕೆ ತಕ್ಕುದಲ್ಲ. ಮೊದಲ ಪಾಠಕ್ಕೆ ಜೀಪಿನಂತಹ ಹಗುರ ವಾಹನವೇ ಸರಿ.

ಜೋಡಿಸಿದ ಮೇಲೆ ಕೈಪಿಡಿ ಹೇಳಿದ ಗೇರ್ ಎಣ್ಣೆಯನ್ನೇ ತುಂಬಬೇಕು. ಪಿನಿಯನ್ನಿನ ಅಕ್ಷವು ಕ್ರೌನಿನ ನಡುವಿಗಿಂತ ಕೆಳಗಿರುವ ಹೈಪಾಯ್ಡ್ ಹಲ್ಲುಗಳಲ್ಲಿ ಉಜ್ಜುವಿಕೆ ಹೆಚ್ಚು. ಎಂಜಿನ್ ಎಣ್ಣೆ ಅದನ್ನು ತಾಳಲಾರದು. ಮೊದಲು ಹತ್ತು ಕಿಲೋಮೀಟರು ನಿಧಾನವಾಗಿ ಓಡಿಸಿ, ಇಳಿದು, ಪೆಟ್ಟಿಗೆಯ ಹತ್ತಿರ ಎಚ್ಚರಿಕೆಯಿಂದ ಕೈ ಹಿಡಿದು ನೋಡಬೇಕು. ಬೆಚ್ಚಗಿರುವುದು ಸಹಜ. ಕೈ ತಾಳದಷ್ಟು ಬಿಸಿ ಅಥವಾ ಊಳಿಡುವ ಸದ್ದು ಕಂಡುಬಂದರೆ ಅಲ್ಲಿಯೇ ನಿಲ್ಲಿಸಿ, ಮತ್ತೆ ಅಳತೆಗೆ ಹಿಂದಿರುಗಬೇಕು. ನಾವು ಆ ದಿನ ಕೊಟ್ಟೂರಿನಲ್ಲಿ ಹಾಗೆ ನಿಲ್ಲಿಸಿದ್ದರೆ ಹಲ್ಲುಗಳಾದರೂ ಉಳಿಯುತ್ತಿದ್ದುವೇನೋ.

ಅಭ್ಯಾಸಕ್ಕೆ

೧. ಹಿಂಗಾಲಿಗಳ ನಡುವೆ ೧.೫ ಮೀಟರು ಅಂತರವಿರುವ ಟ್ರ್ಯಾಕ್ಟರು ಹೊಲದ ಬದುವಿನಲ್ಲಿ ಪೂರ್ತಿ ಹಿಂದಿರುಗಿತು. ಹೊರಗಾಲಿ ಎಷ್ಟು ದೂರ ಹೆಚ್ಚು ಓಡಿತು?

೨. ಜೀಪಿನ ಒಂದು ಹಿಂಗಾಲಿಯನ್ನು ಹಿಡಿದು ನಿಲ್ಲಿಸಿದೆ. ಎಂಜಿನ್ನಿನ ಕಡೆಯ ದಂಡ ೪೩ ಸುತ್ತು ತಿರುಗಿತು. ಇನ್ನೊಂದು ಗಾಲಿ ಎಷ್ಟು ಸುತ್ತು ತಿರುಗಿರಬೇಕು?

೩. ಪಿನಿಯನ್ನಿನ ಬಿಲ್ಲೆಯ ತ್ರಿಜ್ಯ ೬ ಸೆಂ.ಮೀ. ಕೈಪಿಡಿಯು ೧೮ರಿಂದ ೩೦ ಕೆ.ಜಿ.–ಸೆಂ.ಮೀ. ಬಿಗಿಯನ್ನು ಕೇಳುತ್ತದೆ. ತಕ್ಕಡಿಯ ಮುಳ್ಳು ಯಾವ ಅಂಕಿಗಳ ನಡುವೆ ಇರಬೇಕು?

(ಉತ್ತರಗಳು: ೧. ಸುಮಾರು ೪.೭ ಮೀಟರು. ೨. ೧೬ ಸುತ್ತು. ೩. ೩ರಿಂದ ೫ ಕೆ.ಜಿ.)